ಹೊರಹೋಗದ ಉಸಿರು

ದಮ್ಮಿನ ಕಾಯಿಲೆಯವರನ್ನು ಹತ್ತಿರದಿಂದ ಕಂಡವರಿಗೆ ಒಂದು ಭಂಗಿ ಚೆನ್ನಾಗಿ ಗೊತ್ತಿರುತ್ತದೆ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಎರಡೂ ಕೈ ಮೊಣಕಾಲಿನ ಮೇಲೆ ಊರಿ ಮೈ ಮುಂದಕ್ಕೆ ಬಾಗಿರುತ್ತದೆ. ಒಂದೊಂದು ಉಸಿರಿಗೂ ಭುಜ ಮೇಲೇಳುತ್ತದೆ, ಕೊರಳಿನ ಸ್ನಾಯು ಬಿಗಿಯುತ್ತದೆ. ಯಾರೂ ಹೇಳಿಕೊಡದಿದ್ದರೂ ತುಟಿಯನ್ನು ಸಣ್ಣಗೆ ಮಾಡಿಕೊಂಡು ನಿಧಾನವಾಗಿ ಗಾಳಿ ಬಿಡುತ್ತಾರೆ. ಏನಾಗ್ತಿದೆ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಉಸಿರು ಒಳಕ್ಕೆ ಹೋಗ್ತಾನೇ ಇಲ್ಲ."

ಅದೇ ವ್ಯಕ್ತಿಯ ಎದೆಯ ಎಕ್ಸ್-ರೇ ತೆಗೆದರೆ ಕಾಣುವುದು ಇದಕ್ಕೆ ತದ್ವಿರುದ್ಧ. ಶ್ವಾಸಕೋಶ ಕುಗ್ಗಿರುವುದಿಲ್ಲ, ಇರಬೇಕಾದುದಕ್ಕಿಂತ ದೊಡ್ಡದಾಗಿರುತ್ತದೆ. ಗಾಳಿ ತುಂಬಿದ ಜಾಗ ಎಕ್ಸ್-ರೇಯಲ್ಲಿ ಕಪ್ಪಗೆ ಕಾಣುತ್ತದೆ. ಇಲ್ಲಿ ಎದೆಯಿಡೀ ಕಪ್ಪು. ಕಮಾನಿನಂತೆ ಮೇಲಕ್ಕೆ ಉಬ್ಬಿರಬೇಕಾದ ವಪೆ ಚಪ್ಪಟೆಯಾಗಿ ಕೆಳಗೆ ತಳ್ಳಿಸಿಕೊಂಡಿರುತ್ತದೆ. ಆರೋಗ್ಯವಂತ ವಯಸ್ಕರು ಆದಷ್ಟೂ ಉಸಿರು ಬಿಟ್ಟ ಮೇಲೂ ಎದೆಯೊಳಗೆ ಸುಮಾರು ಒಂದೂಕಾಲು ಲೀಟರ್ ಗಾಳಿ ಉಳಿಯುತ್ತದೆ. ಕಾಯಿಲೆ ಬಲಿತವರಲ್ಲಿ ಈ ಉಳಿಕೆ ಅದರ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಗಾಳಿಗಾಗಿ ಹಾತೊರೆಯುತ್ತಿರುವ ಎದೆಯಲ್ಲೇ ಎಲ್ಲರಿಗಿಂತ ಹೆಚ್ಚು ಗಾಳಿ ತುಂಬಿದೆ.

ಈ ಒಗಟನ್ನು ಬಿಡಿಸಿದರೆ ಸಿಓಪಿಡಿ ಎಂದು ವೈದ್ಯರು ಕರೆಯುವ ಕಾಯಿಲೆಯ ಮುಖ್ಯ ಗುಟ್ಟು ತಿಳಿದಂತೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಈ ಕಾಯಿಲೆ ಸುಮಾರು 35 ಲಕ್ಷ ಜನರ ಜೀವ ತೆಗೆದುಕೊಂಡಿತು. ಭಾರತದಲ್ಲಿ ಇದು ಇರುವವರ ಸಂಖ್ಯೆ 1990ರಲ್ಲಿ 2.81 ಕೋಟಿ ಇದ್ದದ್ದು 2016ರ ಹೊತ್ತಿಗೆ 5.53 ಕೋಟಿ ಆಗಿತ್ತು ಎಂದು ಒಂದು ದೊಡ್ಡ ಅಂದಾಜು ಹೇಳುತ್ತದೆ. ಇಷ್ಟು ಮನೆಗಳನ್ನು ಹೊಕ್ಕ ಕಾಯಿಲೆಯನ್ನು ನಾವು ಇನ್ನೂ "ವಯಸ್ಸಾಯ್ತಲ್ಲ, ಕೆಮ್ಮು ಇರೋದೇ" ಎಂದು ಬಿಟ್ಟುಬಿಡುತ್ತೇವೆ. ಅದು ನನಗೆ ಸಂಕಟದ ವಿಷಯ.

ಮುದುಡದ ಶ್ವಾಸಕೋಶ

1816ರಲ್ಲಿ ಸ್ಟೆತೋಸ್ಕೋಪ್ ಕಂಡುಹಿಡಿದ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್, ಬದುಕಿದ್ದಾಗ ಕೇಳಿದ ಎದೆಯ ಸದ್ದನ್ನು ಸತ್ತ ಮೇಲೆ ಕತ್ತರಿಸಿ ನೋಡಿದ ಅಂಗದ ಜೊತೆ ತಾಳೆ ಹಾಕುತ್ತಿದ್ದ. ಆರೋಗ್ಯವಾಗಿದ್ದ ಶ್ವಾಸಕೋಶ ಎದೆಗೂಡು ತೆರೆದ ಕೂಡಲೇ ತನ್ನಷ್ಟಕ್ಕೆ ಮುದುಡಿಕೊಳ್ಳುತ್ತದೆ. ಅದರ ಹೆಣಿಗೆಯಲ್ಲೇ ಹಿಗ್ಗಿ ಕುಗ್ಗುವ ಎಳೆಗಳಿವೆ. ಹಿಡಿದೆಳೆದಿದ್ದ ಎದೆಗೂಡು ಬಿಟ್ಟುಕೊಟ್ಟ ಕ್ಷಣ ಅವು ಒಳಕ್ಕೆ ಸೆಳೆದುಕೊಳ್ಳುತ್ತವೆ. ಆದರೆ ಕೆಲವರ ಶ್ವಾಸಕೋಶ ಹಾಗೆ ಮುದುಡಲಿಲ್ಲ. ಎದೆ ತೆರೆದರೂ ಉಬ್ಬಿಕೊಂಡೇ ಇತ್ತು, ಒಳಗಿನ ಗಾಳಿ ಹೊರಬರುವ ದಾರಿ ಕಾಣದೆ ಸಿಕ್ಕಿಕೊಂಡಿತ್ತು. ನಾಳಗಳಲ್ಲಿ ಕಫ ಗಟ್ಟಿಯಾಗಿ ನಿಂತಿತ್ತು. ಎಂಫಿಸಿಮಾ ಎಂಬ ಈ ಸ್ಥಿತಿಯನ್ನು ಅವನು 1819ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ವಿವರಿಸಿದ.

ಎರಡು ಸುಳಿವುಗಳು ಅಲ್ಲಿಯೇ ಇದ್ದವು. ಒಂದು, ಸೆಳೆತ ಕಳೆದುಕೊಂಡ ಶ್ವಾಸಕೋಶ. ಇನ್ನೊಂದು, ಕಟ್ಟಿಕೊಂಡ ನಾಳ. ಇವೆರಡೂ ಒಂದೇ ಕಥೆಯ ಭಾಗ ಎಂದು ತಿಳಿಯಲು ಮಾತ್ರ ನೂರೈವತ್ತು ವರ್ಷ ಬೇಕಾಯಿತು. ಕಾರಣ, ಕಾಯಿಲೆ ಶುರುವಾಗುವ ಜಾಗ ಯಾವ ಉಪಕರಣಕ್ಕೂ ಸಿಗದಷ್ಟು ಆಳದಲ್ಲಿತ್ತು.

ಮೌನವಲಯ

ಗಂಟಲಿನಿಂದ ಇಳಿಯುವ ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ಒಂದೊಂದು ಕವಲೂ ಮತ್ತೆ ಎರಡು. ಸ್ವಿಟ್ಜರ್ಲೆಂಡಿನ ಎವಾಲ್ಡ್ ವೈಬೆಲ್ 1963ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಹೀಗೆ ಸುಮಾರು 23 ಸಲ ಕವಲೊಡೆದ ಮೇಲೆ ಗಾಳಿಗೂಡುಗಳು ಸಿಗುತ್ತವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲಿ. ವಯಸ್ಕರೊಬ್ಬರಲ್ಲಿ ಇಂಥ ಗೂಡುಗಳು ಸರಾಸರಿ 48 ಕೋಟಿ.

ಕವಲೊಡೆದಂತೆ ನಾಳಗಳು ಕಿರಿದಾಗುತ್ತವೆ, ನಿಜ. ಆದರೆ ಅವುಗಳ ಸಂಖ್ಯೆ ಅದಕ್ಕಿಂತ ಬೇಗ ಏರುತ್ತದೆ. ಗಂಟಲ ಕೆಳಗಿನ ಶ್ವಾಸನಾಳವನ್ನು ಅಡ್ಡ ಕೊಯ್ದರೆ ಬಾಯಿಯ ವಿಸ್ತಾರ ಎರಡೂವರೆ ಚದರ ಸೆಂಟಿಮೀಟರಿನಷ್ಟು. ಹದಿನಾರನೆಯ ಕವಲಿನ ಮಟ್ಟದಲ್ಲಿರುವ ಕಿರುನಾಳಗಳ ಬಾಯಿಗಳನ್ನೆಲ್ಲ ಕೂಡಿಸಿದರೆ ಸುಮಾರು 180 ಚದರ ಸೆಂಟಿಮೀಟರ್. ಅಷ್ಟು ಅಗಲ ಸಿಕ್ಕಾಗ ಗಾಳಿ ಆರಾಮವಾಗಿ ಹರಿಯುತ್ತದೆ. ಪೀಟರ್ ಮ್ಯಾಕ್ಲೆಮ್ ಮತ್ತು ಜೆರ್ ಮೀಡ್ 1967ರಲ್ಲಿ ನಾಯಿಗಳ ಶ್ವಾಸಕೋಶದೊಳಕ್ಕೆ ಸೂಕ್ಷ್ಮ ಕೊಳವೆಯೊಂದನ್ನು ಹಿಮ್ಮುಖವಾಗಿ ಎಳೆದು ಒತ್ತಡ ಅಳೆದರು. ಗಾಳಿಯ ಹರಿವಿಗೆ ಎದುರಾಗುವ ಒಟ್ಟು ತಡೆಯಲ್ಲಿ, ಎರಡು ಮಿಲಿಮೀಟರಿಗಿಂತ ಕಿರಿದಾದ ನಾಳಗಳ ಪಾಲು ಹತ್ತರಲ್ಲೊಂದರಷ್ಟು ಮಾತ್ರ ಎಂದು ಗೊತ್ತಾಯಿತು.

ಇದರ ಅರ್ಥ ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ಗಾಬರಿ ಹುಟ್ಟಿಸುತ್ತದೆ. ಒಟ್ಟು ತಡೆ ನೂರು ಎಂದುಕೊಳ್ಳಿ. ಅದರಲ್ಲಿ ಕಿರುನಾಳಗಳದು ಹತ್ತು. ಈಗ ಕಿರುನಾಳಗಳಲ್ಲಿ ಅರ್ಧದಷ್ಟು ಮುಚ್ಚಿಹೋದವು. ಉಳಿದರ್ಧದ ಮೂಲಕವೇ ಗಾಳಿಯೆಲ್ಲ ಹೋಗಬೇಕಾದ್ದರಿಂದ ಅಲ್ಲಿನ ತಡೆ ಹತ್ತರಿಂದ ಇಪ್ಪತ್ತಕ್ಕೆ ಏರಿತು. ಒಟ್ಟು ತಡೆ ನೂರಿದ್ದದ್ದು ನೂರಹತ್ತು. ಆ ವ್ಯಕ್ತಿ ಮಹಡಿ ಹತ್ತುತ್ತಾನೆ, ಗದ್ದೆ ಕೆಲಸ ಮಾಡುತ್ತಾನೆ, ಊದಿಸಿ ನೋಡುವ ಪರೀಕ್ಷೆಯಲ್ಲೂ ಹೆಚ್ಚುಕಡಿಮೆ ಪಾಸಾಗುತ್ತಾನೆ. ಅರ್ಧ ಕಿರುನಾಳಗಳು ಹೋದದ್ದು ಯಾರಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಮೀಡ್ 1970ರಲ್ಲಿ ಈ ಭಾಗವನ್ನು ಶ್ವಾಸಕೋಶದ ಮೌನವಲಯ ಎಂದು ಕರೆದ.

ಆ ಮೌನದಲ್ಲಿ ಏನು ನಡೆಯುತ್ತದೆ ಎಂದು ತೋರಿಸಿದವನು ಜೇಮ್ಸ್ ಹಾಗ್. ಮ್ಯಾಕ್ಲೆಮ್ ಮತ್ತು ಥರ್ಲ್‌ಬೆಕ್ ಜೊತೆ 1968ರಲ್ಲಿ, ಎಂಫಿಸಿಮಾ ಇದ್ದು ತೀರಿಕೊಂಡವರ ಶ್ವಾಸಕೋಶಗಳಲ್ಲಿ ಅದೇ ಅಳತೆ ಮಾಡಿದ. ಕಿರುನಾಳಗಳ ತಡೆ ನಾಲ್ಕರಿಂದ ನಲವತ್ತು ಪಟ್ಟು ಏರಿತ್ತು. ಸಿಓಪಿಡಿಯ ಅಡಚಣೆಯ ಮುಖ್ಯ ನೆಲೆ ಇದೇ ಎಂದು ಖಚಿತವಾಯಿತು. ಹಾಗ್ ಅದೇ ಪ್ರಶ್ನೆಯ ಬೆನ್ನು ಬಿಡಲಿಲ್ಲ. 2011ರಲ್ಲಿ ಅವನ ತಂಡ ಸೂಕ್ಷ್ಮ ಸಿಟಿ ಸ್ಕ್ಯಾನಿನಿಂದ ಕೊನೆಯ ಕಿರುನಾಳಗಳನ್ನು ಎಣಿಸಿತು. ಕಾಯಿಲೆ ತೀರಾ ಬಲಿತವರಲ್ಲಿ ಸಹಜವಾಗಿ ಇರಬೇಕಾದ್ದರ ಹತ್ತನೆಯ ಒಂದು ಪಾಲು ಉಳಿದಿತ್ತು. 2018ರಲ್ಲಿ ಬಂದ ಎಣಿಕೆ ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು. ಕಾಯಿಲೆ "ಅಲ್ಪ" ಎಂದು ಪರೀಕ್ಷೆ ಹೇಳಿದವರಲ್ಲೇ ಸುಮಾರು 40 ಶೇಕಡಾ ಕಿರುನಾಳಗಳು ಆಗಲೇ ಇಲ್ಲವಾಗಿದ್ದವು.

ಆರದ ಉರಿಯೂತ

ಕಿರುನಾಳ ಹಾಳಾಗುವುದು ಹೇಗೆ? ಹೊಗೆ ನೇರವಾಗಿ ಸುಟ್ಟುಹಾಕುತ್ತದೆ ಎಂಬ ನಂಬಿಕೆ ಸಾಮಾನ್ಯ. ಹೊಗೆ ಆರಂಭಿಸುತ್ತದೆ, ಹೌದು. ಆದರೆ ಹಾನಿಯ ಬಹುಪಾಲನ್ನು ಮಾಡುವುದು ನಮ್ಮದೇ ಮೈಯ ಕಾವಲು ಪಡೆ.

ನಾಳಗಳ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿವೆ. ಕಫದ ತೆಳು ಪದರ ಧೂಳನ್ನು ಹಿಡಿದುಕೊಳ್ಳುತ್ತದೆ, ರೋಮಗಳು ಅದನ್ನು ಗಂಟಲಿನತ್ತ ಸಾಗಿಸುತ್ತವೆ. ಬೀಡಿ, ಸಿಗರೇಟು, ಒಲೆ, ಯಾವುದರ ಹೊಗೆಯೇ ಆಗಲಿ, ದಿನವೂ ಬಡಿದರೆ ರೋಮಗಳು ಕುಂದುತ್ತವೆ. ಕಫ ಸುರಿಸುವ ಕೋಶಗಳು ಹೆಚ್ಚುತ್ತವೆ. ಗಾಯಗೊಂಡ ಗೋಡೆಯೂ ಅಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಕೋಶಗಳೂ ರಾಸಾಯನಿಕ ಸಂದೇಶ ಕಳಿಸುತ್ತವೆ. ಆ ಕರೆ ಕೇಳಿ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ನುಗ್ಗುತ್ತವೆ, ಹಿಂದೆಯೇ ಲಿಂಫೋಸೈಟ್ ಎಂಬ ಇನ್ನೊಂದು ಜಾತಿಯ ಕಣಗಳು. ಇದೇ ಉರಿಯೂತ. ಕಾಲಿಗೆ ಮುಳ್ಳು ಚುಚ್ಚಿದಾಗಲೂ ಇದೇ ಆಗುತ್ತದೆ. ಅಲ್ಲಿ ಮುಳ್ಳು ಹೊರಬಂದ ಮೇಲೆ ಕಣಗಳೂ ಹಿಂದಿರುಗುತ್ತವೆ. ಇಲ್ಲಿ ಹೊಗೆ ಮರುದಿನ ಮತ್ತೆ ಬರುತ್ತದೆ.

ಒಡೆದ ಗೋಡೆಯನ್ನು ಮೈ ದುರಸ್ತಿ ಮಾಡುತ್ತಲೇ ಇರುತ್ತದೆ, ಪ್ರತಿ ದುರಸ್ತಿಯೂ ಒಂದಿಷ್ಟು ಕಲೆಯ ಅಂಗಾಂಶ ಬಿಟ್ಟುಹೋಗುತ್ತದೆ. ಗೋಡೆ ದಪ್ಪವಾಗುತ್ತದೆ, ನಡುವಿನ ದಾರಿ ಕಿರಿದಾಗುತ್ತದೆ. 2004ರಲ್ಲಿ ಹಾಗ್ ತಂಡ 159 ರೋಗಿಗಳಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಶ್ವಾಸಕೋಶದ ತುಣುಕುಗಳನ್ನು ಪರೀಕ್ಷಿಸಿತು. ಕಾಯಿಲೆ ಬಲಿತಷ್ಟೂ ಗೋಡೆ ದಪ್ಪ, ದಾರಿಯ ತುಂಬ ಕಣಗಳು ಬೆರೆತ ಕಫ, ಗೋಡೆಯೊಳಗೇ ಲಿಂಫೋಸೈಟ್‌ಗಳ ಗುಂಪು. ಕೊಳವೆಯ ವಿಷಯದಲ್ಲಿ ಭೌತಶಾಸ್ತ್ರ ಬಹಳ ನಿರ್ದಯಿ. ನವಿರಾಗಿ ಹರಿಯುವ ಗಾಳಿಗೆ ಕೊಳವೆಯ ಅಗಲ ಅರ್ಧಕ್ಕಿಳಿದರೆ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು ಏರುತ್ತದೆ.

ಅಸ್ತಮಾದಲ್ಲೂ ನಾಳಗಳ ಉರಿಯೂತ ಇರುತ್ತದೆ. ಅಲ್ಲಿ ಮುಂದಾಳತ್ವ ಸಾಮಾನ್ಯವಾಗಿ ಇಯೊಸಿನೊಫಿಲ್ ಎಂಬ ಬೇರೆ ಕಣಗಳದು. ಅವು ಸ್ಟೀರಾಯ್ಡ್ ಇನ್‌ಹೇಲರಿಗೆ ಚೆನ್ನಾಗಿ ಬಗ್ಗುತ್ತವೆ, ನ್ಯೂಟ್ರೋಫಿಲ್ ಅಷ್ಟು ಬಗ್ಗುವುದಿಲ್ಲ. ಅದಕ್ಕೇ ಸಿಓಪಿಡಿಯಲ್ಲಿ ಸ್ಟೀರಾಯ್ಡ್ ಎಲ್ಲರಿಗೂ ಒಂದೇ ರೀತಿ ಫಲ ಕೊಡದು. ಪದೇ ಪದೇ ಕಾಯಿಲೆ ಕೆರಳುತ್ತಿದ್ದು, ರಕ್ತದಲ್ಲಿ ಇಯೊಸಿನೊಫಿಲ್ ಎಣಿಕೆ ಮೈಕ್ರೋಲೀಟರಿಗೆ 300 ದಾಟಿದವರಿಗೆ ಅದರ ಪ್ರಯೋಜನ ಹೆಚ್ಚು.

ಪರಂಗಿಕಾಯಿಯ ಹಾಲು

ಲೆನೆಕ್ ಕಂಡ ಇನ್ನೊಂದು ಸುಳಿವಿಗೆ, ಸೆಳೆತ ಕಳೆದುಕೊಂಡ ಶ್ವಾಸಕೋಶಕ್ಕೆ ಬರೋಣ. ಇದಕ್ಕೆ ಉತ್ತರ ಸಿಕ್ಕಿದ್ದು 1960ರ ದಶಕದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆಯಿಂದ.

ಸ್ವೀಡನ್ನಿನಲ್ಲಿ ಲಾರೆಲ್ ಮತ್ತು ಎರಿಕ್ಸನ್ ಸುಮಾರು 1500 ರಕ್ತದ ಮಾದರಿಗಳ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುತ್ತಿದ್ದರು. ಐದು ಮಾದರಿಗಳಲ್ಲಿ ಇರಬೇಕಾದ ಒಂದು ಪಟ್ಟಿ ಇರಲಿಲ್ಲ. ಆ ಐವರಲ್ಲಿ ಮೂವರಿಗೆ ಎಂಫಿಸಿಮಾ ಇತ್ತು. ಇದು 1963ರ ಸುದ್ದಿ. ಕಾಣೆಯಾಗಿದ್ದ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು, ಪ್ರೋಟೀನು ಕತ್ತರಿಸುವ ಕಿಣ್ವಗಳಿಗೆ ಕಡಿವಾಣ ಹಾಕುವಂಥದ್ದು. ಕಡಿವಾಣ ಇಲ್ಲದ ಮೈಯಲ್ಲಿ ಶ್ವಾಸಕೋಶ ಹಾಳಾಗಿತ್ತು.

ಅದೇ ಸುಮಾರಿಗೆ ಅಮೆರಿಕದಲ್ಲಿ ಪಾಲ್ ಗ್ರಾಸ್ ಮತ್ತು ಸಂಗಡಿಗರು ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಕುರಿತು ಇಲಿಗಳ ಮೇಲೆ ಪ್ರಯೋಗ ಮಾಡುತ್ತ, ಅವುಗಳ ಶ್ವಾಸಕೋಶಕ್ಕೆ ಪಪೈನ್ ಹಾಕಿದರು. ಪಪೈನ್ ಎಂದರೆ ಪರಂಗಿಕಾಯಿಯ ಹಾಲಿನಲ್ಲಿರುವ ಕಿಣ್ವ. ಮಾಂಸ ಬೇಗ ಮೆತ್ತಗಾಗಲಿ ಎಂದು ಅಡುಗೆಯವರು ಪರಂಗಿಕಾಯಿ ಹೋಳು ಬೆರೆಸುವುದು ಇದೇ ಕಿಣ್ವದ ನೆಚ್ಚಿಕೆಯಲ್ಲಿ. ಇಲಿಗಳಿಗೆ ಎಂಫಿಸಿಮಾ ಬಂತು. ಶ್ವಾಸಕೋಶದ ಎಳೆಗಳನ್ನು ಕಿಣ್ವ ಅರಗಿಸಿಹಾಕಿತ್ತು.

ಎರಡನ್ನೂ ಕೂಡಿಸಿದಾಗ ಚಿತ್ರ ಮೂಡಿತು. ಉರಿಯೂತದ ಕರೆಗೆ ಓಡಿಬರುವ ನ್ಯೂಟ್ರೋಫಿಲ್‌ಗಳು ರೋಗಾಣುಗಳನ್ನು ಕೊಲ್ಲಲು ಎಲಾಸ್ಟೇಸ್ ಎಂಬ ಕಿಣ್ವ ತಂದಿರುತ್ತವೆ. ಗಾಳಿಗೂಡುಗಳ ಗೋಡೆಗೆ ಸೆಳೆತ ಕೊಡುವ ಎಲಾಸ್ಟಿನ್ ಎಳೆಗಳನ್ನೂ ಅದು ಕತ್ತರಿಸಬಲ್ಲದು. ಆರೋಗ್ಯವಂತರಲ್ಲಿ ಆಂಟಿಟ್ರಿಪ್ಸಿನ್ ಅದನ್ನು ತಡೆಯುತ್ತದೆ. ದಶಕಗಟ್ಟಲೆ ಹೊಗೆ ಕುಡಿದವರಲ್ಲಿ ಕತ್ತರಿಯ ಕೈ ಮೇಲಾಗುತ್ತದೆ. ಹೊಗೆಯಲ್ಲಿರುವ ಕೆಲವು ವಸ್ತುಗಳು ಆಂಟಿಟ್ರಿಪ್ಸಿನ್ ಅನ್ನೇ ನಿಷ್ಕ್ರಿಯಗೊಳಿಸುತ್ತವೆ.

ಕಡಿದ ಎಳೆ ಮತ್ತೆ ಬೆಳೆಯುವುದಿಲ್ಲವೇ? ಇದಕ್ಕೆ ಉತ್ತರ ಕೊಟ್ಟದ್ದು ಅಣುಬಾಂಬು. 1950 ಮತ್ತು 60ರ ದಶಕದಲ್ಲಿ ವಾತಾವರಣದಲ್ಲಿ ನಡೆದ ಪರಮಾಣು ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಹೆಚ್ಚಾಯಿತು. ಅದು ಪೈರಿಗೆ ಸೇರಿತು, ಪೈರಿನಿಂದ ಮನುಷ್ಯರಿಗೆ. ಆ ನಂತರ ಮೈಯಲ್ಲಿ ಹೊಸದಾಗಿ ಕಟ್ಟಿದ ಯಾವುದೇ ಅಂಗಾಂಶದಲ್ಲಿ ಅದರ ಗುರುತು ಇರಲೇಬೇಕು. 1991ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಾಂಬಿನ ಕಾಲಕ್ಕಿಂತ ಮುಂಚೆ ಹುಟ್ಟಿದವರ ಶ್ವಾಸಕೋಶದ ಎಲಾಸ್ಟಿನ್‌ನಲ್ಲಿ ಆ ಗುರುತು ಬಹಳ ಕಡಿಮೆ ಇರುವುದನ್ನು ಕಂಡಿತು. ಎಳೆಗಳು ಬದಲಾಗಿರಲಿಲ್ಲ. ಅವುಗಳ ಬಾಳಿಕೆ ಸರಾಸರಿ 74 ವರ್ಷ ಎಂದು ಲೆಕ್ಕ ಸಿಕ್ಕಿತು. ಬಾಲ್ಯದಲ್ಲಿ ನೇಯ್ದ ಎಳೆಯಲ್ಲೇ ನಾವು ಮುಪ್ಪಿನ ತನಕ ಉಸಿರಾಡುತ್ತೇವೆ.

ಡೇರೆಯ ಹಗ್ಗಗಳು

ಡೇರೆ ಮೇಳದ ಯಕ್ಷಗಾನಕ್ಕೆ ಬಯಲಿನಲ್ಲಿ ಡೇರೆ ಎಬ್ಬಿಸುವುದನ್ನು ನೋಡಿದವರು ಗಮನಿಸಿರುತ್ತಾರೆ. ಬಟ್ಟೆಗೆ ತಾನಾಗಿ ನಿಲ್ಲುವ ಶಕ್ತಿಯಿಲ್ಲ. ಸುತ್ತಲೂ ಗೂಟಕ್ಕೆ ಬಿಗಿದ ಹಗ್ಗಗಳು ಹೊರಮುಖವಾಗಿ ಎಳೆಯುವುದರಿಂದ ಒಳಗೆ ಜಾಗ ತೆರೆದುಕೊಂಡಿರುತ್ತದೆ. ಒಂದು ಹಗ್ಗ ಹರಿದರೆ ಏನೂ ಆಗದು. ನಾಲ್ಕಾರು ಹರಿದಿದ್ದಾಗ ಜೋರು ಗಾಳಿ ಬೀಸಿದರೆ ಬಟ್ಟೆ ಒಳಕ್ಕೆ ಕುಸಿಯುತ್ತದೆ.

ಕಿರುನಾಳಗಳ ಸ್ಥಿತಿ ಇದೇ. ದೊಡ್ಡ ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳ ಆಸರೆ ಇದೆ, ಕಿರುನಾಳಕ್ಕೆ ಅಂಥದ್ದೇನೂ ಇಲ್ಲ. ಸುತ್ತ ಅಂಟಿಕೊಂಡಿರುವ ಗಾಳಿಗೂಡುಗಳ ಗೋಡೆಗಳೇ ಅದರ ಹಗ್ಗ. ಎಲಾಸ್ಟೇಸ್ ಕತ್ತರಿಸುವುದು ಈ ಹಗ್ಗಗಳನ್ನು. ಒಳಗಿನಿಂದ ಗೋಡೆ ದಪ್ಪವಾಗಿ ಕಿರಿದಾದ ನಾಳ, ಹೊರಗಿನಿಂದ ಆಸರೆಯನ್ನೂ ಕಳೆದುಕೊಳ್ಳುತ್ತದೆ. ಲೆನೆಕ್ ಕಂಡ ಎರಡು ಸುಳಿವು ಒಂದಾಗುವುದು ಇಲ್ಲಿಯೇ.

ಉಸಿರು ಎಳೆದುಕೊಳ್ಳುವಾಗ ತೊಂದರೆ ಅಷ್ಟಿಲ್ಲ. ಎದೆ ಹಿಗ್ಗುತ್ತದೆ, ಶ್ವಾಸಕೋಶ ಹಿಗ್ಗುತ್ತದೆ, ಉಳಿದ ಹಗ್ಗಗಳು ಬಿಗಿದು ನಾಳ ತೆರೆಯುತ್ತದೆ. ಬಿಡುವಾಗ ಎದೆ ಒತ್ತುತ್ತದೆ. ಆ ಒತ್ತಡ ಗಾಳಿಗೂಡಿನ ಮೇಲೆ ಬೀಳುವಂತೆಯೇ ಕಿರುನಾಳದ ಮೇಲೂ ಬೀಳುತ್ತದೆ, ಆಸರೆ ತಪ್ಪಿದ ನಾಳ ಮುಚ್ಚಿಕೊಳ್ಳುತ್ತದೆ. ಹೆಚ್ಚು ಬಲ ಹಾಕಿ ಊದಿದರೆ ಇನ್ನೂ ಬಿಗಿಯಾಗಿ ಮುಚ್ಚುತ್ತದೆ. ಗಾಳಿ ಒಳಗೆ ಬಂದಿತು, ಹೊರಗೆ ಹೋಗಲಿಲ್ಲ.

ಕೂತಿದ್ದಾಗ ಹೇಗೋ ನಡೆಯುತ್ತದೆ. ನಿಧಾನವಾಗಿ ಬಿಡಲು ಸಮಯವಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರಿನ ವೇಗ ಏರುತ್ತದೆ, ಬಿಡುವ ಸಮಯ ಕಡಿಮೆಯಾಗುತ್ತದೆ. ಹಿಂದಿನ ಉಸಿರು ಪೂರ್ತಿ ಹೊರಹೋಗುವ ಮೊದಲೇ ಮುಂದಿನದು ಬಂದು ಸೇರುತ್ತದೆ. ಒಂದೊಂದು ಉಸಿರಿಗೂ ಒಂದಿಷ್ಟು ಉಳಿಕೆ. ಕೊನೆಗೆ ಎದೆಗೂಡು ಹಿಗ್ಗಬಹುದಾದ ಮಿತಿಗೆ ಬಂದು ನಿಲ್ಲುತ್ತದೆ, ಚಪ್ಪಟೆಯಾದ ವಪೆಗೆ ಇನ್ನಷ್ಟು ಎಳೆಯುವ ಶಕ್ತಿ ಇರುವುದಿಲ್ಲ. "ಒಳಕ್ಕೆ ಹೋಗ್ತಾನೇ ಇಲ್ಲ" ಎಂಬ ಮಾತು ಅಕ್ಷರಶಃ ನಿಜ. ಒಳಗೆ ಜಾಗವೇ ಇಲ್ಲ. ತುಟಿ ಸಣ್ಣಗೆ ಮಾಡಿ ಬಿಡುವುದರ ವಿಜ್ಞಾನವೂ ಇಷ್ಟೇ: ಬಾಯಲ್ಲಿ ಕೊಂಚ ತಡೆ ಒಡ್ಡಿದರೆ ನಾಳದೊಳಗಿನ ಒತ್ತಡ ಉಳಿದು ಅದು ಬೇಗ ಕುಸಿಯುವುದಿಲ್ಲ. ನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುವ ಇನ್‌ಹೇಲರ್ ಕೊಡುವ ಆರಾಮದಲ್ಲಿ ದೊಡ್ಡ ಪಾಲು, ಸಿಕ್ಕಿಕೊಂಡ ಗಾಳಿ ಹೊರಹೋಗುವುದರಿಂದಲೇ ಬರುತ್ತದೆ.

ಈ ವಿವರಣೆಗೆ ಬಲವಾದ ಸಾಕ್ಷಿ ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಬಂತು. ಬಾಲ್ಟಿಮೋರಿನ ಓಟ್ಟೋ ಬ್ರಾಂಟಿಗನ್ 1950ರ ದಶಕದಲ್ಲಿ, ಉಸಿರಾಡಲಾಗದವರ ಶ್ವಾಸಕೋಶದ ಒಂದು ಭಾಗವನ್ನೇ ಕತ್ತರಿಸಿ ತೆಗೆಯತೊಡಗಿದ. ಹಾಳಾದ ಭಾಗ ಹೋದರೆ ಉಳಿದದ್ದಕ್ಕೆ ಜಾಗ ಸಿಗುತ್ತದೆ, ಎಳೆಗಳು ಮತ್ತೆ ಬಿಗಿಯುತ್ತವೆ ಎಂಬುದು ಅವನ ತರ್ಕ. ಹಲವರು ಸುಧಾರಿಸಿದರು, ಆದರೆ ಸಾವುಗಳೂ ಹೆಚ್ಚಾಗಿ ಆ ವಿಧಾನ ಮೂಲೆಗೆ ಸರಿಯಿತು. 1990ರ ದಶಕದಲ್ಲಿ ಜೋಯೆಲ್ ಕೂಪರ್ ಅದನ್ನು ಮತ್ತೆ ಎತ್ತಿಕೊಂಡ. 1218 ರೋಗಿಗಳ ಮೇಲೆ ನಡೆದು 2003ರಲ್ಲಿ ಫಲಿತಾಂಶ ಬಂದ ಅಮೆರಿಕದ ಪರೀಕ್ಷೆಯಲ್ಲಿ, ಮುಖ್ಯವಾಗಿ ಶ್ವಾಸಕೋಶದ ಮೇಲ್ಭಾಗ ಹಾಳಾಗಿದ್ದು ನಡೆಯುವ ಶಕ್ತಿ ತೀರಾ ಕುಂದಿದ್ದವರು ಈ ಶಸ್ತ್ರಚಿಕಿತ್ಸೆಯಿಂದ ಹೆಚ್ಚು ಕಾಲ ಬದುಕಿದರು. ಶ್ವಾಸಕೋಶ ಕಡಿಮೆ ಮಾಡಿದಾಗ ಉಸಿರು ಹೆಚ್ಚಿತು. ಎಲ್ಲರಿಗೂ ಒಗ್ಗುವ ಚಿಕಿತ್ಸೆ ಇದಲ್ಲ. ಕೆಲವರಿಗೆ ಇದು ಅಪಾಯವೇ.

ಮೈಸೂರಿನ ಹಳ್ಳಿಯ ಒಲೆಗಳು

ಪುಸ್ತಕಗಳು ಸಿಓಪಿಡಿ ಎಂದೊಡನೆ ಸಿಗರೇಟಿನ ಚಿತ್ರ ಹಾಕುತ್ತವೆ. ನಮ್ಮಲ್ಲಿ ಜೀವಮಾನದಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಇದು ಬರುತ್ತದೆ. ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸರಳ ಅಳತೆಗೋಲು ಇದೆ. ದಿನಕ್ಕೆ ಎಷ್ಟು ಗಂಟೆ ಸೌದೆ, ಬೆರಣಿಯ ಒಲೆ ಮುಂದೆ ಕೂರುತ್ತೀರಿ, ಎಷ್ಟು ವರ್ಷದಿಂದ? ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿದಾಗಿನಿಂದ ಬಿಡದ ಕೆಮ್ಮು ಕಫದ ಕಾಯಿಲೆಯ ಅಪಾಯ ಎದ್ದು ಕಾಣುವಷ್ಟು ಏರುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದರೆ 60. ಹದಿನೈದಕ್ಕೆ ಒಲೆ ಮುಂದೆ ಕೂತ ಹುಡುಗಿ ಮೂವತ್ತೈದಕ್ಕೆ ಅಲ್ಲಿಗೆ ತಲುಪಿರುತ್ತಾಳೆ. ಕಟ್ಟಿಗೆಯ ಹೊಗೆಯಿಂದ ಬಂದ ಕಾಯಿಲೆಯಲ್ಲಿ ಗೂಡುಗಳ ನಾಶಕ್ಕಿಂತ ನಾಳದ ಗೋಡೆ ದಪ್ಪವಾಗುವುದು, ಕಲೆಗಟ್ಟುವುದು ಹೆಚ್ಚು ಎಂದು ಮೆಕ್ಸಿಕೋದ ಮಹಿಳೆಯರ ಅಧ್ಯಯನಗಳೂ ತೋರಿಸಿವೆ.

ಇನ್ನೊಂದು ದಾರಿ ಹುಟ್ಟಿನಿಂದಲೇ ಶುರುವಾಗುತ್ತದೆ. ಶ್ವಾಸಕೋಶದ ಶಕ್ತಿ ಇಪ್ಪತ್ತು ಇಪ್ಪತ್ತೈದರ ವಯಸ್ಸಿನಲ್ಲಿ ಶಿಖರ ಮುಟ್ಟಿ ಆಮೇಲೆ ಎಲ್ಲರಲ್ಲೂ ನಿಧಾನವಾಗಿ ಇಳಿಯುತ್ತದೆ. 2015ರಲ್ಲಿ ಪೀಟರ್ ಲಾಂಗ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ಇಳಿತ ಸಾಧಾರಣವೇ ಆಗಿತ್ತು. ಅವರ ಶಿಖರವೇ ತಗ್ಗಿನಲ್ಲಿತ್ತು. ತಾಯಿಯ ಪಕ್ಕ ಹೊಗೆಯಲ್ಲಿ ಬೆಳೆದ ಮಗುವಿನ ವಿಷಯ ಇದಕ್ಕೇ ಅಷ್ಟು ಮುಖ್ಯ.

ಇಳಿತವನ್ನು ನಿಧಾನಗೊಳಿಸುವುದು

ಹೋದ ಕಿರುನಾಳ ಮರಳುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬಹುದು, ಅದಕ್ಕೆ ಗಟ್ಟಿ ಪುರಾವೆಯಿದೆ. ಲಂಡನ್ನಿನ ಗಂಡಸರನ್ನು ಎಂಟು ವರ್ಷ ಹಿಂಬಾಲಿಸಿದ ಫ್ಲೆಚರ್ ಮತ್ತು ಪೀಟೋ 1977ರಲ್ಲಿ, ಸಿಗರೇಟು ಬಿಟ್ಟವರ ಇಳಿತ ಸೇದದವರ ಇಳಿತಕ್ಕೆ ಹತ್ತಿರವಾಗುತ್ತದೆ ಎಂದು ತೋರಿಸಿದರು. ಅಮೆರಿಕದ ಲಂಗ್ ಹೆಲ್ತ್ ಸ್ಟಡಿಯ ಹನ್ನೊಂದು ವರ್ಷದ ಲೆಕ್ಕ ಇನ್ನೂ ಸ್ಪಷ್ಟ. ಮೊದಲ ಸೆಕೆಂಡಿನಲ್ಲಿ ಊದಿ ಹೊರಹಾಕುವ ಗಾಳಿ, ಸೇದುತ್ತಲೇ ಇದ್ದ ಗಂಡಸರಲ್ಲಿ ವರ್ಷಕ್ಕೆ 66 ಮಿಲಿಲೀಟರ್ ಇಳಿಯಿತು, ಪೂರ್ತಿ ಬಿಟ್ಟವರಲ್ಲಿ 30. ಹೆಂಗಸರಲ್ಲಿ 54 ಮತ್ತು 22. ಉರಿಯೂತ ಸಿಗರೇಟು ಬಿಟ್ಟ ದಿನವೇ ಆರುವುದಿಲ್ಲ, ವರ್ಷಗಟ್ಟಲೆ ಹೊಗೆಯಾಡುತ್ತದೆ. ಆದರೂ ವ್ಯತ್ಯಾಸ ಅರ್ಧಕ್ಕಿಂತ ಹೆಚ್ಚು. ಯಾವ ಇನ್‌ಹೇಲರೂ ಇಳಿತವನ್ನು ಇಷ್ಟು ತಡೆದಿಲ್ಲ.

ಮೊದಲ ಸೆಕೆಂಡಿನ ಈ ಅಳತೆಗೂ ಒಂದು ಇತಿಹಾಸವಿದೆ. ಲಂಡನ್ನಿನ ಜಾನ್ ಹಚಿನ್‌ಸನ್ 1846ರಲ್ಲಿ ಸ್ಪೈರೋಮೀಟರಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರು ಅಳೆದ. ಅವನು ಅಳೆದದ್ದು ಎಷ್ಟು ಗಾಳಿ ಎಂಬುದನ್ನು. ಎಷ್ಟು ಬೇಗ ಎಂಬ ಪ್ರಶ್ನೆ ಸೇರಿಕೊಂಡದ್ದು ನೂರು ವರ್ಷದ ಮೇಲೆ, 1947ರಲ್ಲಿ, ಫ್ರಾನ್ಸಿನ ಟಿಫ್ನೋ ಮತ್ತು ಪಿನೆಲ್ಲಿ ಅವರಿಂದ. ಹೊರಹೋಗಲು ತಡವಾಗುವುದೇ ಕಾಯಿಲೆಯಾದ್ದರಿಂದ ಗಡಿಯಾರವಿಲ್ಲದೆ ಅದು ಹಿಡಿತಕ್ಕೆ ಸಿಗುವುದಿಲ್ಲ. ಈಗಿನ ಪರೀಕ್ಷೆಯಲ್ಲಿ ನಾಳ ಹಿಗ್ಗಿಸುವ ಔಷಧಿ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, ಎದೆ ತುಂಬ ಉಸಿರೆಳೆದು ಆದಷ್ಟು ಜೋರಾಗಿ, ಆದಷ್ಟು ಹೊತ್ತು ಊದಲು ಹೇಳುತ್ತಾರೆ. ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು 70 ಶೇಕಡಾಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆ ಎಂದರ್ಥ.

ಮೌನವಲಯದ ಮೊದಲ ಹಾನಿಯನ್ನು ಈ ಪರೀಕ್ಷೆ ಕಾಣಲಾರದು. ಆದರೂ ಏದುಸಿರು ಶುರುವಾಗುವುದಕ್ಕೆ ವರ್ಷಗಳ ಮುಂಚೆ ಸುಳಿವು ಕೊಡಬಲ್ಲದು. ನಲವತ್ತು ದಾಟಿದವರಿಗೆ ವರ್ಷದಲ್ಲಿ ಮೂರು ತಿಂಗಳು ಕೆಮ್ಮು ಕಫ ಇದ್ದು, ಮರುವರ್ಷವೂ ಹಾಗೆಯೇ ಆದರೆ ಊದಿಸಿ ನೋಡಲು ವೈದ್ಯರನ್ನು ಕೇಳಿ. ಸೇದುವ ಅಭ್ಯಾಸವಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಒಲೆ ಮುಂದೆ ಕೂತಿದ್ದೀರಿ ಎಂಬುದನ್ನೂ ಬರೆಸಿ.